ಶೇಖಪ್ಪನ ನೀರುಹುಲಿಗಳು

ನೀಲಕ್ಕನಿಗೆ ಗಂಡನ ಮೇಲೆ ಸಿಟ್ಟು ಬರುವುದು ಯಾವಾಗಲೋ ನಿಂತುಹೋಗಿತ್ತು. ಸಿಟ್ಟು ಮಾಡಿಕೊಳ್ಳಲೂ ಎದುರಿನ ಮನುಷ್ಯನಿಗೆ ಒಂದಿಷ್ಟು ತೂಕ ಬೇಕು. ಶೇಖಪ್ಪನಿಗೆ ಅದಿಲ್ಲವೆಂದು ಮದುವೆಯಾದ ಮೂರನೆಯ ವರ್ಷವೇ ಅವಳು ಕಂಡುಕೊಂಡಿದ್ದಳು. ಮಳಗಿ ಊರಿನಲ್ಲಿ ಅಪ್ಪನ ಹೊಲ ನೋಡಿಕೊಂಡಿದ್ದ ಅವನು, ದಾಂಡೇಲಿಯಲ್ಲಿ ಕಾಗದದ ಮಿಲ್ಲು ಶುರುವಾದ ಮೇಲೆ ಬಂದು ಅರಿವೆ ಅಂಗಡಿ ಹಾಕಿದ. ಗಿರಾಕಿ ಹೆಚ್ಚಿದ ಹಾಗೆ ಮಾತಿನಲ್ಲಿ ಹಿಂದಿ ಹೆಚ್ಚಿತು. ಮಿಲ್ಲಿನ ಸಾಹೇಬರು ಯಾರಾದರೂ ಅಂಗಡಿ ಹತ್ತಿದರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು.

ಅಂಥ ಒಬ್ಬ ಸಾಹೇಬರ ಬಂಗಲೆಯಲ್ಲಿ ಅವನು ಮೀನಿನ ಗಾಜಿನ ಪೆಟ್ಟಿಗೆ ಕಂಡದ್ದು ಅರವತ್ತೆರಡರ ಬೇಸಿಗೆಯಲ್ಲಿ. ಬೆರಳುದ್ದದ ಕೆಂಪು ಮೀನುಗಳು. ಮನೆಗೆ ಬಂದವನೇ, "ಅವರ್ವು ಇಷ್ಟಿಷ್ಟ ಅದಾವ. ನಾ ದೊಡ್ಡವ ಸಾಕತೇನಿ. ನೀರಾಗಿನ ಹುಲಿ!" ಎಂದ.

"ಲಿಂಗ ಕಟ್ಟಿದವರ ಮನ್ಯಾಗ ಮೀನ ಏನ್ರಿ?"

"ತಿನ್ನಾಕಲ್ಲ, ನೋಡಾಕ. ನಿನಗ ತಿಳಿಯಾಂಗಿಲ್ಲ ಬಿಡು."

ಮಿಲ್ಲಿನ ಫಿಟ್ಟರ್ ಲಗಮಪ್ಪ ಕಬ್ಬಿಣದ ಪಟ್ಟಿ ಜೋಡಿಸಿ, ದಪ್ಪ ಗಾಜು ಕೂಡಿಸಿ, ಒಬ್ಬ ಮನುಷ್ಯ ಕಾಲುಚಾಚಿ ಮಲಗುವಷ್ಟು ಉದ್ದದ ಪೆಟ್ಟಿಗೆ ಮಾಡಿಕೊಟ್ಟ. ಕೋಗಿಲಬನದ ಹತ್ತಿರ ಕಾಳಿ ನದಿಗೆ ಬಲೆ ಹಾಕುವವರು ಮೂರು ಮೀನು ತಂದರು. ಎರಡು ಹಾವಿನಂಥ ತಲೆಯವು. ಮೂರನೆಯದು ಬಾಳೆ ಮೀನು, ಉದ್ದ ಮೀಸೆ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ.

ಮೀನು ಸಾಕುವವನು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತ. ಪಾತ್ರೆ ತಿಕ್ಕುವ ಮಾಲವ್ವ ಹೊಳೆಯಿಂದ ಬಕೇಟಿನಲ್ಲಿ ಜೀವಂತ ಮರಿಮೀನು ತರುತ್ತಿದ್ದಳು. ಅವುಗಳನ್ನು ಹಾಕುವುದು, ನೀರು ಬದಲಿಸುವುದು, ಗಾಜು ಒರೆಸುವುದು ನೀಲಕ್ಕನ ಪಾಲಿಗೆ ಬಂತು. ಮೊದಲ ವಾರ ದಿನಕ್ಕೆ ಮೂರು ಸಲ ಸ್ನಾನ ಮಾಡಿದಳು. ಆಮೇಲೆ ಬಿಟ್ಟಳು.

ನೋಡುತ್ತ ನೋಡುತ್ತ ಅವಳಿಗೆ ಅವುಗಳ ಗುಣ ತಿಳಿಯಿತು. ಹಾವುತಲೆಯವು ಉಸಿರಿಗೆ ಮೇಲೆ ಬರುತ್ತವೆ, ಸಂದಿ ಸಿಕ್ಕರೆ ಹೊರಗೆ ಹಾರುತ್ತವೆ. ಬಾಳೆ ಮೀನು ಹಗಲೆಲ್ಲ ತಳ ಹಿಡಿದು ಬಿದ್ದಿರುತ್ತದೆ, ಹಸಿದಾಗ ಮಾತ್ರ ಬಾಯಿಗೆ ಹಿಡಿಸುತ್ತದೋ ಇಲ್ಲವೋ ನೋಡದೆ ನುಂಗಲು ಹೋಗುತ್ತದೆ. ಒಂದು ಬೆಳಿಗ್ಗೆ ಸಣ್ಣ ಹಾವುತಲೆಯ ಬಾಲ ಹರಿದಿತ್ತು. ನೀಲಕ್ಕ ಬಿದಿರು ಸೀಳಿ ತಡಿಕೆ ಹೆಣೆದು ಪೆಟ್ಟಿಗೆಯ ನಡುವೆ ನಿಲ್ಲಿಸಿ, ಆಚೆಗೆ ಬಾಳೆ ಮೀನು, ಈಚೆಗೆ ಹಾವುತಲೆಗಳು ಎಂದು ಬೇರೆ ಮಾಡಿದಳು. ಮೇಲೆ ಹಲಗೆ ಮುಚ್ಚಿ ಕಲ್ಲು ಹೇರಿದಳು. ಅವಳಿಗೆ ಬಾಳೆ ಮೀನೇ ಹೆಚ್ಚು ಸೇರುತ್ತಿತ್ತು. ಹಸಿದರೆ ಹಸಿವು, ಹೊಟ್ಟೆ ತುಂಬಿದರೆ ಸುಮ್ಮನೆ. ಅದಕ್ಕೆ ಸೋಗು ಗೊತ್ತಿರಲಿಲ್ಲ.

ಶೇಖಪ್ಪ ಅಂಗಡಿಯಲ್ಲಿ, "ನನ್ನ ಕೈ ಕಂಡ್ರ ಸಾಕು, ನಾಯಿಗತೆ ಬಾಲ ಅಲ್ಲಾಡಸ್ತಾವ" ಎಂದು ಹೇಳುತ್ತಿದ್ದುದನ್ನು ಮಾಲವ್ವ ಕೇಳಿಕೊಂಡು ಬಂದು ಹೇಳಿದಳು. ಯಾವ ಕೈ ಎಂದು ನೀಲಕ್ಕ ಕೇಳಲಿಲ್ಲ.

ದಸರೆಯ ಮರುದಿನ ಸಾಯಂಕಾಲ ಆ ಬಂಗಲೆಯ ಸಾಹೇಬರು ಹೆಂಡತಿಯೊಡನೆ ಚಹಾಕ್ಕೆ ಬರುವುದೆಂದಾಯಿತು. ಅರ್ಧ ತಾಸು ಮೊದಲು ಶೇಖಪ್ಪ ಹಲಗೆ ಇಳಿಸಿ, ತೋಳು ಮಡಚಿ ತಡಿಕೆಗೆ ಕೈ ಹಾಕಿದ.

"ತಗೀಬ್ಯಾಡ್ರಿ. ಇವತ್ತ ಬಾಳೆ ಮೀನಿಗಿನ್ನೂ ಏನೂ ಹಾಕಿಲ್ಲ. ಹಸದೈತಿ."

"ಬಿದಿರಿನ ಬೇಲಿ ತೋರಸ್ಲೇನು ಸಾಹೇಬರಿಗೆ? ಸಾಲಿ ಕಲಿತಾಂವ ನಾನೋ, ನೀನೋ?"

ಮರಿಮೀನಿನ ಬಕೇಟು ಹಿತ್ತಲಲ್ಲಿತ್ತು. ಹತ್ತು ಹೆಜ್ಜೆ. ತಂದು ಸುರಿದಿದ್ದರೆ ಬಾಳೆ ಮೀನು ತಿಂದು ತಳ ಸೇರುತ್ತಿತ್ತು. ಆಗಲಿ, ಸಾಹೇಬರ ಮುಂದೆಯೇ ಆಗಲಿ ಎಂದುಕೊಂಡು ನೀಲಕ್ಕ ಒಲೆಯ ಮುಂದೆ ಕೂತು ಚಹಾದ ನೀರಿಟ್ಟಳು.

ಅವಳು ತಟ್ಟೆ ಹಿಡಿದು ಹೊರಗೆ ಬಂದಾಗ ಶೇಖಪ್ಪ ಗಾಜಿಗೆ ಬೆರಳು ತಟ್ಟುತ್ತ ಹಿಂದಿಯಲ್ಲಿ ವಿವರಿಸುತ್ತಿದ್ದ. ಬಾಳೆ ಮೀನು ತಳದಿಂದ ಒಮ್ಮೆಲೇ ಎದ್ದು ಸಣ್ಣ ಹಾವುತಲೆಯನ್ನು ತಲೆಯ ಕಡೆಯಿಂದ ಹಿಡಿಯಿತು. ಅರ್ಧ ನುಂಗಿತು. ಉಳಿದರ್ಧ ಒಳಗೆ ಹೋಗಲೊಲ್ಲದು, ಹೊರಗೆ ಬರಲೊಲ್ಲದು. ಎರಡೂ ಒಂದೇ ಮೈಯಾಗಿ ಗಾಜಿಗೆ ಬಡಿದುಕೊಂಡವು. ದೊಡ್ಡ ಹಾವುತಲೆ ಹೆದರಿ ಹಾರಿ ಸಾಹೇಬರ ಹೆಂಡತಿಯ ಕಾಲ ಬಳಿ ಬಿತ್ತು. ಆಕೆ ಚೀರಿ ಕುರ್ಚಿ ಹತ್ತಿದಳು. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಚ್ಚ ಕನ್ನಡದಲ್ಲೇ, "ಶೇಖಪ್ಪಾವರ, ಕುಸ್ತಿ ಭಾಳ ಚಲೋ ಇಟ್ಟೀರಿ!" ಎಂದು ಚಹಾ ಕುಡಿಯದೆ ಹೊರಟರು.

ಸಿಕ್ಕಿಕೊಂಡ ಎರಡೂ ಮೀನು ಸತ್ತವು. ಶೇಖಪ್ಪ ಗೋಡೆಗೆ ಮುಖ ಮಾಡಿ ಅತ್ತ. "ನಕ್ಕರಲ್ಲ, ನಕ್ಕರಲ್ಲ" ಎಂಬುದೊಂದೇ ಮಾತು. ಮೀನಿನ ಸುದ್ದಿ ಅವನ ಬಾಯಲ್ಲಿ ಬರಲಿಲ್ಲ.

ನೀಲಕ್ಕ ಉಳಿದ ಹಾವುತಲೆಯನ್ನು ಒದ್ದೆ ಅರಿವೆಯಲ್ಲಿ ಹಿಡಿದು ಕೊಡದೊಳಗೆ ಬಿಟ್ಟಳು. ಮಾಲವ್ವನನ್ನು ಕರೆದುಕೊಂಡು ಹೊಳೆಗೆ ನಡೆದಳು.

"ಬಿಡೂದ್ಯಾಕ್ರಿ ಅವ್ವಾರ, ನನಗ ಕೊಡ್ರಿ. ಸಾರ ಮಾಡತೇನಿ."

"ಸತ್ತಾವೆರಡೂ ನೀ ಒಯ್ಯಿ. ಇದನ್ನ ಬಿಡೂಣು."

ಕೊಡ ಬಾಗಿಸಿದಾಗ ಮೀನು ಒಂದು ಕ್ಷಣ ಕೆಸರಿನಲ್ಲಿ ಸುಮ್ಮನಿದ್ದು, ಆಮೇಲೆ ಕಾಣದಾಯಿತು. ನೀಲಕ್ಕ ನೀರು ನೋಡುತ್ತಲೇ, "ನಂಗ ಗೊತ್ತಿತ್ತು ಮಾಲವ್ವ. ಬಕೇಟ ಹಿತ್ತಲದಾಗ ಇತ್ತು" ಎಂದಳು.

"ಹಂಗಾರ ಯಾಕ ಹಾಕಲಿಲ್ರಿ?"

"ನಮ್ಮವರ ಮಾರಿ ಇಳಿಯೂದು ನೋಡಬೇಕಾಗಿತ್ತು."

"ಅಷ್ಟಕ್ಕ?" ಎಂದಳು ಮಾಲವ್ವ.

ತಾನು ಹನ್ನೆರಡು ವರ್ಷ ಗಂಡನ ಕಡೆ ನೋಡಿದ ನೋಟವನ್ನು ನೀಲಕ್ಕ ಆ ಹೆಂಗಸಿನ ಕಣ್ಣಲ್ಲಿ ಕಂಡಳು. ಖಾಲಿ ಕೊಡ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಹೆಂಡತಿಯ ಬೇಜವಾಬ್ದಾರಿಯಿಂದ ಮೀನು ಹೋದವೆಂದು ಶೇಖಪ್ಪ ಅಂಗಡಿಯಲ್ಲಿ ಹೇಳಿದ. ಅದು ಪೂರಾ ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ದೀಪಾವಳಿಗೆ ಅವನು ಬೇರೊಬ್ಬ ಸಾಹೇಬರ ಮನೆಯಲ್ಲಿ ಕಂಡಂಥದೇ ಗ್ರಾಮೋಫೋನ್ ತಂದು ಮೇಜಿನ ಮೇಲಿಟ್ಟು, ಒರೆಸಲು ಅರಿವೆ ತಾ ಎಂದ.

"ಇದನ್ನ ನೀವ ಒರಸ್ಕೋರಿ. ಕೆಡೂ ಹಂಗಿದ್ರ ಮೊದಲ ಹೇಳತೇನಿ, ಆದ್ರ ಕೈ ಹಚ್ಚಾಂಗಿಲ್ಲ" ಎಂದಳು ನೀಲಕ್ಕ. ಶೇಖಪ್ಪ ತನ್ನ ಧೋತರದ ಚುಂಗಿನಿಂದಲೇ ಒರೆಸಿಕೊಳ್ಳತೊಡಗಿದ.