ಭಟ್ಟಿಯ ಉಸುಕು, ಎರಡು ಕೆಂಪು ಮೀನು

ಮಗಳ ಅಕ್ವೇರಿಯಂಗೆ ತಂದ ಉಸುಕನ್ನು ಬಕೆಟ್ಟಿಗೆ ಸುರಿದು ನೀರು ಬಿಟ್ಟೆ. ಆ ಹಸಿ ವಾಸನೆ ನನ್ನನ್ನು ಹುಮನಾಬಾದಿನ ಹಳೆಯ ಅಂಗಳಕ್ಕೆ ಒಯ್ದಿತು.

ಅಪ್ಪ ಬಸವಕಲ್ಯಾಣದಿಂದ ಗಾಜಿನ ತೊಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕೆಂಪು ಮೀನು. ಉಸುಕನ್ನು ಮಾತ್ರ ನಮ್ಮ ಓಣಿಯ ಪುಟಾಣಿ ಹುರಿಯುವ ಭಟ್ಟಿಯಿಂದ ತಂದರು. ಕಡಲೆ ಹುರಿದು ಹುರಿದು ಕರ್ರಗಾದ ಉಸುಕು.

“ಹಳ್ಳದ ಉಸುಕಿನಾಗ ಹುಳ ಇರ್ತಾವ. ಇದು ದಿನಾ ಬೆಂಕ್ಯಾಗ ಬೆಂದದ್ದು,” ಎಂದರು.

ನೀರು ಹಾಕಿದ ಕೂಡಲೇ ತೊಟ್ಟಿ ಚಹಾದ ಬಣ್ಣಕ್ಕೆ ತಿರುಗಿತು, ಕಡಲೆ ಸಿಪ್ಪೆ ತೇಲಿತು. ಅಪ್ಪ ಅಳುಕದೆ ಮೀನಿನ ಚೀಲದ ಗಂಟು ಬಿಚ್ಚತೊಡಗಿದರು. ಅಷ್ಟರಲ್ಲಿ ಅವರ ತಾಯಿ, ನಮ್ಮ ಆಯಿ, ಚಿಟಿಕೆ ಉಸುಕು ನಾಲಿಗೆಗೆ ಹಚ್ಚಿ ಉಗುಳಿದಳು. ಉಪ್ಪುನೀರಲ್ಲಿ ನೆನೆಸಿದ ಕಡಲೆ ಹುರಿದ ಉಸುಕು ಅದು.

“ಉಪ್ಪದ. ನೀ ಮೀನ ಸಾಕಾಕತ್ತೀಯೋ, ಸಾರು ಮಾಡಾಕತ್ತೀಯೋ?”

ಮೀನುಗಳು ಎರಡು ದಿನ ಕೊಡದಲ್ಲಿ ಕಾದವು. ಅಪ್ಪ ನಳದ ಕೆಳಗೆ ಉಸುಕು ತೊಳೆದರು. ಪ್ರತಿ ಸಲ ಆಯಿ ರುಚಿ ನೋಡಿ, “ಇನ್ನೊಂದು ನೀರು,” ಎನ್ನುತ್ತಿದ್ದಳು.

ಇಂದಿನ ಪ್ಯಾಕೆಟ್ಟಿನ ಮೇಲೆ ತೊಳೆದ ಉಸುಕೆಂದೇ ಬರೆದಿದೆ. ಆದರೂ ಚಿಟಿಕೆ ಬಾಯಿಗಿಟ್ಟುಕೊಂಡೆ. ಒಳಗೋಡಿದ ಮಗಳ ದನಿ ಕೇಳಿಸಿತು: “ಮಮ್ಮಿ, ಪಪ್ಪಾ ಉಸುಕ ತಿನ್ನಾಕತ್ತಾರ.”