ಉಳಿದದ್ದು ದಂಡ ಯಾಕೆ

ದೊಡ್ಡಮ್ಮ ಎಂದರೆ ಮಾತ್ರೆ ಡಬ್ಬಿ, ಮಾತ್ರೆ ಡಬ್ಬಿ ಎಂದರೆ ದೊಡ್ಡಮ್ಮ. ಬಳಗದಲ್ಲಿ ಯಾರಿಗೇ ಜ್ವರ ಬಂದು ಡಾಕ್ಟರು ಏನೇ ಬರೆದುಕೊಡಲಿ, ಜ್ವರ ಇಳಿದ ಕೂಡಲೇ ಮಿಕ್ಕ ಮಾತ್ರೆಗಳು ಅವಳ ಬಿಸ್ಕತ್ತಿನ ಡಬ್ಬಿಗೆ ಬಂದು ಸೇರಬೇಕು. ಮುಂದೆ ಯಾರಿಗಾದರೂ ಗಂಟಲು ಕೆರೆದರೆ, ಹಲ್ಲು ಜುಮ್ಮೆಂದರೆ, ಅದರಿಂದಲೇ ಎರಡು ತೆಗೆದುಕೊಡುತ್ತಿದ್ದಳು. ಬಿಳಿಯದು ಕೆಮ್ಮಿಗೆ, ಬಣ್ಣದ್ದು ಉಳಿದೆಲ್ಲಕ್ಕೆ.

“ವಾಸಿಯಾದ ಮೇಲೂ ನುಂಗೋಕೆ ಅದೇನು ಪೆಪ್ಪರಮಿಂಟಾ? ಉಳಿದದ್ದು ದಂಡ ಯಾಕೆ?” ಎನ್ನುವಳು.

ಇಂಥ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆಸ್ಪತ್ರೆಯ ಯಾವ ಮೂಲೆಯಲ್ಲಿ ಹೊಂಚು ಹಾಕಿಕೊಂಡಿತ್ತೋ, ಒಂದು ಬ್ಯಾಕ್ಟೀರಿಯಾ ಹೊಲಿಗೆಯೊಳಗೆ ನುಸುಳಿ ಮನೆ ಮಾಡಿತು. ಯಾವ ಔಷಧಿ ಚುಚ್ಚಿದರೂ ಅದಕ್ಕೆ ಕ್ಯಾರೇ ಇಲ್ಲ.

ಅವಳನ್ನು ಬೇರೆ ಕೋಣೆಗೆ ಹಾಕಿದರು. ಒಳಗೆ ಬರುವವರೆಲ್ಲ ನಿಲುವಂಗಿ, ಟೋಪಿ, ಮಾಸ್ಕು ತೊಡಬೇಕು. ಡಾಕ್ಟರುಗಳು ಹಿಂಡು ಹಿಂಡಾಗಿ ಬಂದರು. ಅವಳ ಮುಖ ನೋಡಿದವರು ಒಬ್ಬರೂ ಇಲ್ಲ. ಗಾಯದೊಳಗಿನದಕ್ಕೆ ಮಾತ್ರ ಹೊಸ ಅಳಿಯನ ಮರ್ಯಾದೆ. ಹೇಗಿದೆ, ಎಷ್ಟು ಬೆಳೆದಿದೆ ಎಂದು ವಿಚಾರಿಸಿದ್ದೇ ವಿಚಾರಿಸಿದ್ದು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು.

“ರೀ ಡಾಕ್ಟ್ರೇ, ಅದಕ್ಕೆ ಜಾಗ ಕೊಟ್ಟಿರೋಳು ನಾನು. ನನ್ನೂ ಸ್ವಲ್ಪ ಮಾತಾಡಿಸಿ!”

ದೊಡ್ಡ ಡಾಕ್ಟರು ಮಾತಾಡಿಸಿದರು. “ಅಮ್ಮಾ, ಇನ್ನು ಉಳಿದಿರೋದು ಈ ಮಾತ್ರೆ ಒಂದೇ. ಜ್ವರ ಬಿಟ್ರೂ ಒಂದೂ ತಪ್ಪಿಸಬಾರದು. ಇದಕ್ಕೂ ಅದು ಬಗ್ಗದಿದ್ರೆ ಕಾಲು ತೆಗೀಬೇಕಾಗುತ್ತೆ.”

ಕಾಲಿಲ್ಲದೆ ಮನೆಮನೆಗೆ ಹೋಗಿ ಡಬ್ಬಿ ಬಿಚ್ಚುವುದು ಹೇಗೆ? ದೊಡ್ಡಮ್ಮ ಹೊತ್ತುಹೊತ್ತಿಗೆ ನುಂಗಿದಳು. ಜ್ವರ ಬಿಟ್ಟಿತು, ಕೀವು ನಿಂತಿತು, ಊಟ ರುಚಿಸಿತು. ಅಲ್ಲಿಗೆ ಅವಳ ಮಟ್ಟಿಗೆ ಕಾಯಿಲೆ ಮುಗಿಯಿತು. ಮಾರನೆಯ ದಿನದಿಂದ ಮಾತ್ರೆ ದವಡೆಯ ಸಂದಿಗೆ, ನೀರು ಮಾತ್ರ ಹೊಟ್ಟೆಗೆ. ನರ್ಸು ಆಚೆ ಹೋದ ಮೇಲೆ ಅದನ್ನು ಉಗುಳಿ, ಹೊದಿಕೆಯ ಅಂಚಿನಲ್ಲಿ ಒರೆಸಿ, ದಿಂಬಿನ ಕೆಳಗೆ ಒಣಗಲು ಇಡುತ್ತಿದ್ದಳು.

ಒಂದು ಮಧ್ಯಾಹ್ನ ಹಸಿರು ನಿಲುವಂಗಿಯೊಂದು ಒಳಗೆ ಬಂದು ಕೆಮ್ಮಿತು. ಮುಖ ಮುಚ್ಚಿದ್ದರೇನು, ಕೆಮ್ಮಿನಲ್ಲೇ ಗೊತ್ತಾಯಿತು, ಗಂಡನ ತಮ್ಮ. ಆ ಕೆಮ್ಮಿಗೆ ಅವಳು ಎಷ್ಟು ವರ್ಷ ಮಾತ್ರೆ ಹಾಕಿಲ್ಲ!

“ಇನ್ನೂ ಹೋಗಿಲ್ವೇನೋ ಇದು? ತಗೋ, ಇದು ಎಲ್ಲಕ್ಕಿಂತ ದೊಡ್ಡ ಮಾತ್ರೆಯಂತೆ. ಯಾರಿಗೂ ಹೇಳ್ಬೇಡ,” ಎಂದು ದಿಂಬಿನ ಕೆಳಗಿದ್ದದ್ದನ್ನೆಲ್ಲ ಅವನ ಜೇಬಿಗೆ ತುರುಕಿದಳು.

“ಅತ್ತಿಗೆ, ನಿಮಗೆ?”

“ನಾನು ಗುಂಡುಕಲ್ಲಿನ ಹಾಗಿದ್ದೀನಿ.”

ವಾರ ಕಳೆಯುವಷ್ಟರಲ್ಲಿ ಗುಂಡುಕಲ್ಲು ನಡುಗತೊಡಗಿತು. ಜ್ವರ ಬಂತು, ಕೀವು ಬಂತು. ಈ ಸಲ ಮಾತ್ರೆಯನ್ನು ನಿಜಕ್ಕೂ ನುಂಗಿದಳು, ಅಳುತ್ತಾ ನುಂಗಿದಳು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಅದನ್ನೂ ಅರಗಿಸಿಕೊಳ್ಳಲು ಕಲಿತುಬಿಟ್ಟಿತ್ತು. ಡಾಕ್ಟರುಗಳು ಮತ್ತೆ ಹಿಂಡಾಗಿ ಬಂದರು. ಈ ಸಲ ಅವಳ ಮುಖವನ್ನೂ ನೋಡಿದರು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಮೊಣಕಾಲಿನ ಮೇಲಿನಿಂದಲೇ ಕಾಲು ತೆಗೆದರು.

ಮನೆಗೆ ಬಂದ ಮೇಲೆ ಮೈದುನ ನೋಡಲು ಬಂದ. ಕೆಮ್ಮು ಹೋಗಿತ್ತು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದದ್ದನ್ನು ನೋಡಲಾರದೆ, ಜೇಬಿನಿಂದ ಒಂದು ಪೊಟ್ಟಣ ತೆಗೆದ.

“ಅತ್ತಿಗೆ, ನನಗೆ ಎರಡಕ್ಕೇ ವಾಸಿಯಾಯ್ತು. ಉಳಿದದ್ದು ದಂಡ ಯಾಕೆ ಅಂತ ವಾಪಸ್ ತಂದೆ. ಡಬ್ಬಿ ಎಲ್ಲಿದೆ?”

ಡಬ್ಬಿ ಕೈಗೆಟುಕುವಲ್ಲೇ ಇತ್ತು. ದೊಡ್ಡಮ್ಮ ತೋರಿಸಲಿಲ್ಲ. ಪೊಟ್ಟಣ ಬಿಚ್ಚಿ, ತನ್ನ ಹಲ್ಲಿನ ಗುರುತಿದ್ದ ಮಾತ್ರೆಗಳನ್ನು ಕಾಲಿದ್ದ ಜಾಗದಲ್ಲಿ ಒಂದೊಂದಾಗಿ ಸಾಲಾಗಿ ಇಟ್ಟಳು.

“ಇಷ್ಟೇ ಕಣೋ ನನ್ನ ಕಾಲು,” ಎಂದಳು.