ಪಿಳ್ಳಮ್ಮ ಕಲಿತ ಮೂವತ್ತೆಂಟು ಮಾತು

ಪಿಳ್ಳಮ್ಮ ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಅಂಗಡಿಯವಳ ಜೊತೆ ತಮಿಳು, ದಂಡಿನ ಕಡೆಯ ಗಿರಾಕಿಗಳ ಜೊತೆ ದಖ್ಖನಿ. ಯಾವುದನ್ನೂ ಕಲಿತ ನೆನಪು ಅವಳಿಗಿರಲಿಲ್ಲ. ಮಾತು ತಾನಾಗಿ ಅಂಟಿಕೊಳ್ಳುತ್ತದೆ ಎಂದುಕೊಂಡಿದ್ದಳು. ಅದು ಉದುರಿಯೂ ಹೋಗುತ್ತದೆಂದು ಗೊತ್ತಾದದ್ದು ೧೯೪೨ರಲ್ಲಿ.

ಆ ಬೇಸಿಗೆಯಲ್ಲಿ ಬರ್ಮಾದಿಂದ ಓಡಿಬಂದ ಕೆಲವರು ದಂಡು ಸ್ಟೇಷನ್ನಿನಲ್ಲಿ ಇಳಿದು ಹಲಸೂರಿನ ಛತ್ರವೊಂದರಲ್ಲಿ ತಂಗಿದರು. ಅವರಲ್ಲಿ ಒಬ್ಬ ಮುದುಕ ನಾಲ್ಕು ವರ್ಷದ ಹೆಣ್ಣುಮಗುವನ್ನು ಕರೆತಂದಿದ್ದ. ಕಾಡುದಾರಿಯಲ್ಲಿ ಒಂಟಿಯಾಗಿ ಸಿಕ್ಕಿತು ಎಂದಷ್ಟೇ ಹೇಳಿ, ಮೂರನೆಯ ದಿನ ಜ್ವರದಲ್ಲಿ ತೀರಿಕೊಂಡ. ಜೊತೆಗೆ ಬಂದವರು ಆಗಲೇ ತಮ್ಮ ತಮ್ಮ ಊರಿನ ದಾರಿ ಹಿಡಿದಿದ್ದರು; ಮಗುವಿನ ಮಾತು ತಿಳಿಯುವವರು ಯಾರೂ ಉಳಿದಿರಲಿಲ್ಲ. ಛತ್ರಕ್ಕೆ ಸೊಪ್ಪು ಕೊಡಲು ಹೋದ ಪಿಳ್ಳಮ್ಮನ ಸೆರಗು ಹಿಡಿದ ಮಗು ಮತ್ತೆ ಬಿಡಲಿಲ್ಲ. ಪಿಳ್ಳಮ್ಮನಿಗೆ ಮಕ್ಕಳಿರಲಿಲ್ಲ.

ನಿರಾಶ್ರಿತರ ಪಟ್ಟಿ ಬರೆಯುತ್ತಿದ್ದ ಗುಮಾಸ್ತ ಅಹ್ಮದ್ ಪಾಷಾ ಮಗುವನ್ನು ಅವಳ ಬಳಿ ಬಿಡಲು ಒಪ್ಪಿದ. "ಇಟ್ಕೊಳಮ್ಮ. ಆದ್ರೆ ರಂಗೂನಲ್ಲಿದ್ದ ಬಡಗಿ ಒಬ್ಬ ಅವ್ನೆ, ಮುನಿಶಾಮಿ ಅಂತ, ಬರ್ಮಾ ಮಾತು ಬಲ್ಲ. ಮದ್ರಾಸಿಂದ ಬರ್ಬೇಕು. ಅವ್ನು ಬಂದು ತಾಯಿ ಹೆಸ್ರು ಕೇಳಿದ್ರೆ ಹುಡುಕ್ಸಬೋದು. ಅಲ್ಲೀವರ್ಗೂ ಅದು ತನ್ ಮಾತು ಮರೀದಂಗೆ ನೋಡ್ಕೊ."

ನಲವತ್ತೇ ದಿನಕ್ಕೆ ಮಗು ಚೊಂಬು ತೋರಿಸಿ "ನೀರು" ಎಂದಿತು. ಅದುವರೆಗೆ "ಯೇ" ಎನ್ನುತ್ತಿತ್ತು. ಬೀದಿಯ ಮಕ್ಕಳು ಕಲಿಸಿದ್ದರು. ಪಿಳ್ಳಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಹೊಸ ಮಾತೊಂದು ಒಳಗೆ ಬಂದಾಗಲೆಲ್ಲ ಹಳೆಯದೊಂದು ಹೊರಗೆ ಹೋಗುತ್ತಿದೆ, ಹೀಗೇ ಹೋದರೆ ಇದು ಯಾರ ಮಗುವೆಂದು ಹೇಳುವವರೇ ಇರುವುದಿಲ್ಲ. ಅಂದಿನಿಂದ ಮಗುವನ್ನು ಹೊರಗೆ ಬಿಡಲಿಲ್ಲ, ಅದರೆದುರು ತಾನೂ ಮಾತಾಡಲಿಲ್ಲ.

"ನಿನ್ ಬಾಯಿಗೂ ಬೀಗ ಬೀಳ್ತದೆ ಅಂತ ಗೊತ್ತಿದ್ರೆ ಮದ್ವೆ ದಿನಾನೇ ಒಂದು ಬರ್ಮಾ ಮಗು ತರ್ತಿದ್ದೆ ಕಣೇ," ಎಂದ ಗಂಡ ಬೈಲಪ್ಪ. ಅವಳು ನಗಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಮಗು ಯಾವ ಮಾತನ್ನೂ ಆಡದಾಯಿತು. ಗೋಡೆಗೆ ಒರಗಿ ಕೂತಿರುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ.

"ಮೂಗಿ ಮಾಡ್ಬಿಟ್ಟೆಯಲ್ಲೇ," ಎಂದ ಬೈಲಪ್ಪ. ಈ ಸಲ ತಮಾಷೆಯಾಗಿರಲಿಲ್ಲ.

ಹೆದರಿದ ಪಿಳ್ಳಮ್ಮ ಮಗುವನ್ನು ಮತ್ತೆ ಬೀದಿಯ ಮಕ್ಕಳ ಜೊತೆ ಬಿಟ್ಟಳು, ಅದರ ಮಾತನ್ನು ತಾನೇ ಕಲಿಯಲು ಕೂತಳು. ಒಲೆಯ ಬೆಂಕಿಯ ಕಡೆ ಬೆರಳು ತೋರಿಸಿದಳು. ಬಹಳ ಹೊತ್ತಾದ ಮೇಲೆ ಮಗು "ಮೀ" ಎಂದಿತು. ಅನ್ನಕ್ಕೆ "ಥಮಿನ್". ನಾಯಿಗೆ "ಕ್ವೇ". ಸೊಪ್ಪು ಕಟ್ಟುವಾಗಲೂ ಬಾಯಿಪಾಠ ಮಾಡುತ್ತಿದ್ದಳು. ಕನ್ನಡದ ಮಾತು ಮಗುವಿಗೆ ಒಂದೇ ಸಲಕ್ಕೆ ಬರುತ್ತಿತ್ತು, ಅವಳಿಗೆ ಒಂದೊಂದು ಬರ್ಮಾ ಮಾತಿಗೂ ಎರಡು ಮೂರು ದಿನ ಬೇಕಿತ್ತು. ತಪ್ಪಿದರೆ ಮಗು ನಗುತ್ತಿತ್ತು.

ಒಂದು ಮಧ್ಯಾಹ್ನ ತನ್ನೆದೆ ಮುಟ್ಟಿಕೊಂಡು "ಪಿಳ್ಳಮ್ಮ" ಎಂದಳು, ಗಂಡನನ್ನು ತೋರಿಸಿ "ಬೈಲಪ್ಪ". ಮಗುವಿಗೆ ಆಟ ತಿಳಿಯಿತು. ಎದೆ ತಟ್ಟಿಕೊಂಡು "ಸಾನ್" ಎಂದಿತು. ಆಮೇಲೆ ಬಾಗಿಲ ಕಡೆ ಬೆರಳು ಚಾಚಿ "ಅಮೇ" ಎಂದು ಇನ್ನೇನೋ ಹೇಳಲು ಬಾಯಿ ತೆರೆಯಿತು.

ಆ ಮಾತಿನ ಅರ್ಥ ಪಿಳ್ಳಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ತೆರೆದ ಬಾಯಿಗೆ ಅವಳು ಬೆಲ್ಲದ ಚೂರು ಇಟ್ಟಳು. ಆ ಪಾಠ ಮತ್ತೆ ಮಾಡಲಿಲ್ಲ.

ಮುನಿಶಾಮಿ ಬರುವಷ್ಟರಲ್ಲಿ ಒಂಬತ್ತು ತಿಂಗಳಾಗಿತ್ತು. ಅಹ್ಮದ್ ಪಾಷಾನ ಮುಂದೆ ಅವನು ಬರ್ಮಾ ಮಾತಿನಲ್ಲಿ ಏನೋ ಕೇಳಿದ. ಮಗು ಪಿಳ್ಳಮ್ಮನ ಹಿಂದೆ ಅಡಗಿ, "ಅಮ್ಮಾ, ಈ ಮಾಮ ಏನೋ ಬೈತವ್ನೆ," ಎಂದಿತು.

"ಎಲ್ಲ ಹೋಗ್ಬಿಟ್ಟೈತೆ," ಎಂದ ಮುನಿಶಾಮಿ.

ಪಿಳ್ಳಮ್ಮ ಬೆರಳು ಮಡಚುತ್ತ ತಾನು ಕಲಿತ ಮೂವತ್ತೆಂಟು ಮಾತನ್ನೂ ಒಪ್ಪಿಸಿದಳು. ಸಾನ್ ಎಂಬ ಹೆಸರನ್ನೂ ಹೇಳಿದಳು. ಮುನಿಶಾಮಿ ನಕ್ಕ. "ರಂಗೂನ್ ಸಂತೇಲಿ ಸೊಪ್ಪು ಮಾರ್ಬೋದು ಕಣಕ್ಕ ನೀನು. ಆದ್ರೆ ಸಾನ್ ಅನ್ನೋರು ಬೀದಿಗೆ ಹತ್ತು ಜನ ಅವ್ರೆ. ತಾಯಿ ಹೆಸ್ರೇನಂತೆ?"

ಪಿಳ್ಳಮ್ಮ ಮಡಚಿದ ಬೆರಳುಗಳನ್ನು ಬಿಚ್ಚಿದಳು. "ಅದೊಂದು ಹೇಳ್ಲಿಲ್ಲಪ್ಪ," ಎಂದಳು.

ಅಹ್ಮದ್ ಪಾಷಾ ಪಟ್ಟಿಯಲ್ಲಿ "ತಿಳಿದಿಲ್ಲ" ಎಂದು ಬರೆದುಕೊಂಡ.

ಸಾನ್ ಹಲಸೂರಿನಲ್ಲೇ ಬೆಳೆದಳು. ಬಾಗಿಲಲ್ಲಿ ಹೊಸಬರ ಚಪ್ಪಲಿ ಸದ್ದಾದರೆ ಪಿಳ್ಳಮ್ಮ ಮೊದಲು ಅವಳು ಎಲ್ಲಿದ್ದಾಳೆಂದು ನೋಡುತ್ತಿದ್ದಳು. ಆ ಮೂವತ್ತೆಂಟು ಮಾತನ್ನು ಮರೆಯಲು ಬಹಳ ಪ್ರಯತ್ನಪಟ್ಟಳು. ಮಗುವಿನಷ್ಟು ಬೇಗ ಮರೆಯುವುದು ಅವಳಿಗೆ ಬರಲಿಲ್ಲ.